ಹರ್ಷಿಣಿಯ ಕಾಗದ

ಅಂಬಡ್, ನಾಸಿಕ್
೩ ಜೂನ್ ೨೦೨೫

ಚಿ. ಪೂಜಿತಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ದಂಡು ಕ್ಯಾಮೆರಾ ಕಟ್ಟಿಕೊಂಡು ಹೊರಟ ಮೇಲೆ ಈ ಮನೆ ಮತ್ತೆ ಮನೆಯಾಗಲಿಕ್ಕೆ ಎಷ್ಟು ದಿನ ಬೇಕಾಯಿತು ಗೊತ್ತುಂಟಾ ಮಾರಾಯ್ತಿ? ಸೋಫಾದ ಕೆಳಗೆ ಇನ್ನೂ ನಿಮ್ಮ ಕಪ್ಪು ಟೇಪು ಸಿಗುತ್ತಿದೆ. ಆ ಈರುಳ್ಳಿ ಸಂತೆಯ ಲಾಸಲಗಾಂವದ ಹುಡುಗಿ, ನಿನ್ನ ರೂಮಿನ ಸುಮನ, ಉಪ್ಪಿಟ್ಟಿನ ಮೇಲೆ ಹಸಿ ಈರುಳ್ಳಿ ಸುರಿದುಕೊಂಡು ತಿಂದದ್ದನ್ನು ನೆನೆಸಿಕೊಂಡು ಕೆಳಗೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತ ಭುಜಂಗಣ್ಣ ಇವತ್ತಿಗೂ ನಗುತ್ತಾನೆ. ಅವಳಿಗೆ ಹೇಳು, ಮುಂದಿನ ಸಲ ಬರುವಾಗ ಒಂದು ಗೋಣಿ ಅವಳೇ ತರಲಿ.

ನಾನು ಹೇಗೆ ಮಾಡಿದೆ? ನಿನ್ನ ಮೇಷ್ಟ್ರು ಏನೆಂದರು? ಮಗಳ ಕಾಲೇಜಿನ ಸಿನಿಮಾದಲ್ಲಿ ತಲೆಕೆಟ್ಟ ಹೆಂಗಸಿನ ಪಾತ್ರ ಮಾಡಲು ಒಪ್ಪಿದ ತಾಯಿ ಇಡೀ ಮಹಾರಾಷ್ಟ್ರದಲ್ಲಿ ನಾನೊಬ್ಬಳೇ ಇರಬೇಕು ಎಂದು ನಿನ್ನ ಅಪ್ಪ ಗೊಣಗುತ್ತಾರೆ. ಸತ್ತ ಮಗಳು ಮನೆಗೆ ಬಂದಿದ್ದಾಳೆಂದು ನಂಬುವ ಹೆಂಗಸು. ನೀನು ಹಸಿರು ಸೀರೆ ಉಟ್ಟು ಆ ಸತ್ತ ಮಗಳಾಗಿ ಮೆಟ್ಟಿಲ ಮೇಲೆ ಕೂತಾಗ ನನಗೆ ನಗು ಬರಲಿಲ್ಲ, ಪೂಜಿ. ಆಗ ಹೇಳಲಿಲ್ಲ, ಈಗ ಹೇಳುತ್ತೇನೆ.

ಪಾತ್ರಕ್ಕೆ ಹರ್ಷಿಣಿ ಎಂದೇ ಹೆಸರಿಡುತ್ತೇನೆ ಎಂದಾಗ ನಾನು ಬೇಡ ಅನ್ನಬೇಕಿತ್ತು. ನಿನ್ನ ಜೊತೆಗೇ ಹುಟ್ಟಿ, ಎಂಟು ತಿಂಗಳಿಗೆ ಜ್ವರ ಬಂದು ಹೋದ ಕೂಸಿನ ಹೆಸರು ಅದು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನೀನು ನನ್ನಿಂದ ದಿನವಿಡೀ "ಹರ್ಷಿಣೀ, ಊಟಕ್ಕೆ ಬಾ" ಎಂದು ಕರೆಸಿದೆ. ನಿನ್ನೆ ಮಧ್ಯಾಹ್ನ ನನಗೂ ಅಪ್ಪನಿಗೂ ಬಡಿಸುವಾಗ ಗೊತ್ತಿಲ್ಲದೆ ಮೂರನೆಯ ಬಟ್ಟಲನ್ನೂ ಇಟ್ಟೆ. ಅಪ್ಪ ನೋಡಿ ಅದನ್ನು ಎತ್ತಿ ಬದಿಗಿಟ್ಟರು. ಅಭ್ಯಾಸ ಬಲ, ಅಷ್ಟೆ.

ಸರಿಯಾಗಿ ತಿನ್ನು.
ನಿನ್ನ ಅಮ್ಮ,
ಸುಗುಣಾ


ಛತ್ರಪತಿ ಸಂಭಾಜಿನಗರ
೧೧ ಜೂನ್

ಅಮ್ಮಾ,

ಹೋಟೆಲಿನ ತಿಂಡಿ ಬೋರ್ಡು ಓದಿಸಿ ನೀನು ಕಲಿಸಿದ ಕನ್ನಡ ಇದು, ತಪ್ಪಿದ್ದರೆ ಬೈಯಬೇಡ. ಮೇಷ್ಟ್ರು ನಿನ್ನ ಮುಖ ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. "ಯಾ ಬಾಯೀ ಕೋಣ್?" ಈ ಹೆಂಗಸು ಯಾರು ಎಂದು ಕೇಳಿದರು. ನನ್ನ ಆಯಿ ಎಂದರೆ ನಂಬಲಿಲ್ಲ. ಖಾಲಿ ಎಲೆಯ ಮುಂದೆ ಕೂತು ನೀನು ಕರೆಯುತ್ತೀಯಲ್ಲ, ಅದನ್ನು ಇಲ್ಲಿ ಎಲ್ಲರೂ ಮತ್ತೆ ಮತ್ತೆ ಹಾಕಿ ನೋಡುತ್ತಾರೆ.

ಮೂರನೆಯ ಬಟ್ಟಲಿಗೆಲ್ಲ ಟೆನ್ಶನ್ ಘೇಊ ನಕೋ, ತಲೆ ಕೆಡಿಸಿಕೊಳ್ಳಬೇಡ. ದೊಡ್ಡ ದೊಡ್ಡ ನಟಿಯರಿಗೂ ಹಾಗೆ ಆಗುತ್ತದಂತೆ, ಪಾತ್ರ ಮೈಯಿಂದ ಇಳಿಯಲು ಸ್ವಲ್ಪ ದಿನ ಬೇಕಂತೆ. ಕೊನೆಯ ದೃಶ್ಯ ಒಂದು ಬಾಕಿ ಉಂಟು, ಆಗಸ್ಟಿನಲ್ಲಿ ಬಂದು ತೆಗೆಯುತ್ತೇನೆ. ಹಸಿರು ಸೀರೆಯನ್ನು ಒಗೆಯಬೇಡ, ಹಾಗೇ ಇರಲಿ.

ನಿನ್ನ ಡೈರೆಕ್ಟರ್ ಮೇಡಂ,
ಪೂಜಿತಾ


ನಾಸಿಕ್
೨೪ ಜೂನ್

ಪೂಜಿ,

ಈ ಕಾಗದವನ್ನು ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಿಗ್ಗೆ ಕೆಳಗಿನಿಂದ ಚಟ್ನಿ ತೆಗೆದುಕೊಂಡು ಹತ್ತಿ ಬರುವಾಗ ಮೆಟ್ಟಿಲ ಮೇಲೆ ನೀನು ಕೂತಿದ್ದೆ, ಹಸಿರು ಸೀರೆಯಲ್ಲಿ. ಹೇಳದೆ ಕೇಳದೆ ಬಂದಿದ್ದೀ ಎಂದು ನನಗೆ ಸಿಟ್ಟೇ ಬಂತು. ಯಾವ ಬಸ್ಸಿಗೆ ಬಂದೆ ಎಂದು ಕೇಳಿದೆ. "ಹಸಿವಾಗ್ತದೆ ಅಮ್ಮ" ಎಂದಳು. ಅಷ್ಟರಲ್ಲಿ ಸೆರಗಿಗೆ ಸಿಕ್ಕಿಸಿದ್ದ ಮೊಬೈಲು ಬಡಿದುಕೊಂಡಿತು. ನೋಡಿದರೆ ನೀನು. ಸಂಭಾಜಿನಗರದಲ್ಲಿ ಮಳೆ ಬರುತ್ತಿದೆ ಎಂದು ಹೇಳುತ್ತಿದ್ದೀಯ. ನಾನು ಮಾತಾಡಲಿಲ್ಲ ಎಂದು ಆಮೇಲೆ ನೀನು ಕೋಪಿಸಿಕೊಂಡೆಯಲ್ಲ, ಆ ಹೊತ್ತಿಗೆ ಅವಳು ನನ್ನ ಮುಂದೆಯೇ ಕೂತಿದ್ದಳು. ಸೀರೆ ಕಪಾಟಿನಲ್ಲಿ ಬೀಗದೊಳಗೆ ಇದೆ. ಹೋಗಿ ತೆಗೆದು ನೋಡಿದೆ, ಇತ್ತು.

ಅವಳು ಇಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಕಾಣುತ್ತದೆ, ಅದಕ್ಕೇ ಹೆದರಿಕೆ. ನೀನು ಇನ್ನು ಫೋನು ಮಾಡಬೇಡ. ಇಬ್ಬರದ್ದೂ ಒಂದೇ ಸ್ವರ, ಯಾರು ಮಾತಾಡುತ್ತಿದ್ದಾರೆಂದು ನನಗೆ ತಿಳಿಯುವುದಿಲ್ಲ. ಕಾಗದ ಬರೆ. ಕಾಗದವಾದರೆ ಕೈಯಲ್ಲಿ ಹಿಡಿಯಬಹುದು. ಭುಜಂಗಣ್ಣನ ಮುಂದೆ ಹಿಡಿದು, ಇದರಲ್ಲಿ ಯಾರ ಹೆಸರುಂಟು ಓದು ಎನ್ನುತ್ತೇನೆ. ಅವನು ಪೂಜಿತಾ ಎಂದು ಓದಿದರೆ ನೀನು ಇದ್ದೀಯ, ನಾನೂ ಸರಿ ಇದ್ದೇನೆ.

ಬೇಗ ಬರೆ ಮಗಾ.
ಅಮ್ಮ


ಸಂಭಾಜಿನಗರ
೨೮ ಜೂನ್

ಅಮ್ಮಾ,

ಇದು ನಾನು, ಪೂಜಿತಾ. ಭುಜಂಗಣ್ಣನಿಗೆ ಮೊದಲು ಇದನ್ನು ತೋರಿಸು.

ನಿನ್ನ ಕಾಗದ ಓದಿ ನಾನು ಎಷ್ಟು ಹೆದರಿದೆನೆಂದರೆ ಸುಮನಳನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡೆ. ಅಪ್ಪನಿಗೆ ಹೇಳದೆ ಇರಲಾರೆ, ಇವತ್ತೇ ಹೇಳುತ್ತೇನೆ, ಬೈದುಕೋ. ಮಾನಸಿಕ ಡಾಕ್ಟರರ ಹತ್ತಿರ ಹೋಗುವುದು ನಾಚಿಕೆಯ ವಿಷಯ ಅಲ್ಲ. ಮುಂದಿನ ಭಾನುವಾರ ನಾನೇ ಬರುತ್ತೇನೆ. ಕೊನೆಯ ದೃಶ್ಯ ತೆಗೆಯುವುದಿಲ್ಲ. ಸಿನಿಮಾ ಹಾಳಾಗಿ ಹೋಗಲಿ.

ಪ್ರತಿ ವಾರ ಕಾಗದ ಹಾಕುತ್ತೇನೆ, ಆಣೆ.

ಇಲ್ಲೇ ಇರುವ,
ಪೂಜಿತಾ


ನಾಸಿಕ್
೧೫ ಜುಲೈ

ಪೂಜಿ,

ನೀನು ಬಂದು ಹೋದೆ. ನನ್ನ ಪಕ್ಕದಲ್ಲಿ ಮಲಗಿದೆ, ಡಾಕ್ಟರರ ಹತ್ತಿರ ನನ್ನ ಕೈ ಹಿಡಿದು ಕೂತೆ. ಅಷ್ಟು ದಿನ ಅವಳು ಒಮ್ಮೆಯೂ ಬರಲಿಲ್ಲ. ಗುಣವಾಯಿತು ಎಂದು ನಾನೇ ಎಲ್ಲರಿಗೂ ಹೇಳಿದೆ.

ನಿನ್ನನ್ನು ಬಸ್ಸು ಹತ್ತಿಸಿ ಮನೆಗೆ ಬಂದರೆ ಅಡುಗೆಮನೆಯಲ್ಲಿ ಕೂತಿದ್ದಳು. "ಯಾರನ್ನ ಕಳಿಸಿ ಬಂದದ್ದು ನೀನು?" ಎಂದು ಕೇಳಿದಳು.

ಅಪ್ಪ ಕಾರ್ಕಳಕ್ಕೆ ಫೋನು ಮಾಡಿ ದೊಡ್ಡಪ್ಪನಿಗೆ ಹೇಳಿದ್ದಾರೆ. ದೊಡ್ಡಪ್ಪ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರಂತೆ. ಹರ್ಷಿಣಿ ಪ್ರಾಯಕ್ಕೆ ಬಂದಿದ್ದಾಳೆ, ಮದುವೆ ಕೇಳುತ್ತಿದ್ದಾಳೆ ಎಂದು ಬಂತಂತೆ. ನೀನು ನಾಸಿಕದಲ್ಲಿ ಬೆಳೆದವಳು, ನಿನಗೆ ಇದು ವಿಚಿತ್ರ. ನಮ್ಮ ತುಳುನಾಡಿನಲ್ಲಿ ಸತ್ತ ಮಕ್ಕಳೂ ನಮ್ಮ ಜೊತೆಗೇ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಹಾಗೆಯೇ ತೀರಿಹೋದ ಒಬ್ಬ ಹುಡುಗನನ್ನು ನೋಡಿ, ಆಷಾಢದ ಸುಮಾರಿಗೆ ಬರುವ ಆಟಿ ತಿಂಗಳಲ್ಲಿ ಕುಲೆಮದುವೆ ಮಾಡುತ್ತಾರೆ. ಕುರ್ಚಿಯ ಮೇಲೆ ಸೀರೆ, ಬಳೆ, ಕರಿಮಣಿ ಇಟ್ಟು ಧಾರೆ ಎರೆಯುತ್ತಾರೆ. ಮದುವೆಯಾಗದ ಹುಡುಗಿಯರು ಅದನ್ನು ನೋಡಬಾರದು, ಅವರಿಗೆ ಕೆಡುಕು. ಅದಕ್ಕೆ ಅದು ಮುಗಿಯುವ ತನಕ ನೀನು ಮನೆಗೆ ಬರಬೇಡ ಎಂದು ಅಪ್ಪ ಹೇಳಿದ್ದಾರೆ. ಡಾಕ್ಟರರ ಮಾತ್ರೆಯೂ ಇರಲಿ, ಇದೂ ಆಗಲಿ ಎಂಬುದು ಅವರ ಲೆಕ್ಕ.

ಆದರೆ ಅಲ್ಲಿಯ ತನಕ ನಾನು ಏನು ಮಾಡಲಿ? ಅವಳಿಗೆ ಬಡಿಸದೆ ನಾನು ಉಣ್ಣುವ ಹಾಗಿಲ್ಲ. ಬಡಿಸಿದರೆ ಅವಳು ಉಂಡು ಮುಗಿಸುವುದೇ ಇಲ್ಲ. ಎಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಾಳೆ. ಹೊಟ್ಟೆ ತುಂಬದ ಮಗಳನ್ನು ಮುಂದೆ ಕೂರಿಸಿಕೊಂಡು ಯಾವ ತಾಯಿಗೆ ಅನ್ನ ಇಳಿಯುತ್ತದೆ?

ಅಮ್ಮ


ನಾಸಿಕ್
೨೨ ಜುಲೈ

ಚಿ. ಪೂಜಿತಾಳಿಗೆ ಅಪ್ಪ ರತ್ನಾಕರನ ಆಶೀರ್ವಾದ.

ಫೋನಿನಲ್ಲಿ ಅಮ್ಮನ ಎದುರು ಇದನ್ನು ಹೇಳಲಾಗದೆ ಬರೆಯುತ್ತಿದ್ದೇನೆ. ನನಗೆ ಬರೆದು ರೂಢಿ ಇಲ್ಲ. ಅಮ್ಮ ನಾಲ್ಕು ದಿನದಿಂದ ನೀರು ಬಿಟ್ಟರೆ ಬೇರೆ ಮುಟ್ಟಿಲ್ಲ. ಆಸ್ಪತ್ರೆಗೆ ಎಂದರೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಮಾತ್ರೆ ನುಂಗಿದೆ ಎನ್ನುತ್ತಾಳೆ, ನನಗೆ ನಂಬಿಕೆ ಇಲ್ಲ. ನನ್ನ ಮಾತು, ಡಾಕ್ಟರರ ಮಾತು, ಭುಜಂಗನ ಮಾತು ಯಾವುದೂ ಬೇಡ. ಅಂಚೆಯಲ್ಲಿ ಬಂದದ್ದು ಮಾತ್ರ ಸತ್ಯ ಎಂದು ಹಿಡಿದು ಕೂತಿದ್ದಾಳೆ.

ಕಂಪನಿಯವರಿಗೆಲ್ಲ ಮೂರು ಪಾಳಿ ಅನ್ನ ಹಾಕುವವ ನಾನು. ನನ್ನ ಮನೆಯವಳ ಬಾಯಿಗೆ ಒಂದು ತುತ್ತು ಹಾಕಲಿಕ್ಕೆ ಆಗುತ್ತಿಲ್ಲ ಮಗಾ. ನಿನಗೆ ಏನಾದರೂ ತೋಚಿದರೆ ಮಾಡು.

ಅಪ್ಪ


ಸಂಭಾಜಿನಗರ
೨೫ ಜುಲೈ

ಅಪ್ಪಾ,

ನಾನೊಂದು ಕೆಲಸ ಮಾಡಿದ್ದೇನೆ. ಸರಿಯೋ ತಪ್ಪೋ ಗೊತ್ತಿಲ್ಲ. ಇವತ್ತೇ ಅಮ್ಮನ ಹೆಸರಿಗೆ ಇನ್ನೊಂದು ಕಾಗದ ಹಾಕಿದ್ದೇನೆ, ಹರ್ಷಿಣಿಯ ಹೆಸರಿನಲ್ಲಿ. ಅದರಲ್ಲಿ ಬರೆದದ್ದು ಇಷ್ಟೇ: "ಅಮ್ಮಾ, ನನಗೆ ಹೊಟ್ಟೆ ತುಂಬಿತು. ಇನ್ನು ನೀನು ಉಣ್ಣು. ನಾನು ಹೋಗುತ್ತೇನೆ, ಮೆಟ್ಟಿಲ ಮೇಲೆ ನನ್ನನ್ನು ಹುಡುಕಬೇಡ. ನಿನ್ನ ಹರ್ಷಿಣಿ."

ಅಂಚೆಯಲ್ಲಿ ಬಂದದ್ದನ್ನು ಮಾತ್ರ ನಂಬುತ್ತಾಳೆ ಎಂದಿರಲ್ಲ, ಹೋಗುತ್ತೇನೆ ಎಂಬುದನ್ನೂ ಅಂಚೆಯಲ್ಲಿ ಬಂದರೆ ನಂಬಿಯಾಳು. ನಾನು ಬರೆದದ್ದೆಂದು ಹೇಳಬೇಡಿ. ಅವಳು ಉಂಡಳಾ ಎಂದು ಕೂಡಲೇ ತಿಳಿಸಿ.

ಪೂಜಿತಾ


ನಾಸಿಕ್
೨ ಆಗಸ್ಟ್

ನನ್ನ ಪೂಜಿಗೆ,

ಅಳಬೇಡ. ಅಮ್ಮ ಹೇಳುವುದನ್ನು ಸಮಾಧಾನದಿಂದ ಕೇಳು.

ಹರ್ಷಿಣಿ ಕಾಗದ ಬರೆದಿದ್ದಾಳೆ. ನಾನು ಸುಮ್ಮನೆ ನಂಬುವವಳಲ್ಲ. ಭುಜಂಗಣ್ಣನಿಗೆ ತೋರಿಸಿದೆ. ಅವನು ಹೆಸರು ಓದಿದ, ಓದಿ ಮುಖ ಸಣ್ಣ ಮಾಡಿಕೊಂಡ. ಅಪ್ಪನಿಗೆ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು, ಆದರೆ ಕಾಗದ ಇಲ್ಲ ಎಂದು ಅವರಿಂದಲೂ ಹೇಳಲಾಗಲಿಲ್ಲ. ಇದ್ದವರು ಮಾತ್ರ ಕಾಗದ ಬರೆಯುತ್ತಾರೆ. ಹಾಗಾಗಿ ಹರ್ಷಿಣಿ ಇದ್ದಾಳೆ. ಅವತ್ತು ನಾನು ಹೊಟ್ಟೆ ತುಂಬ ಉಂಡೆ. ಅಪ್ಪ ನೋಡಿ ಅತ್ತರು.

ಆಮೇಲೆ ಕೂತು ಯೋಚಿಸಿದೆ. ಕವರಿನ ಮೇಲಿನ ಮುದ್ರೆ ಸಂಭಾಜಿನಗರದ್ದು. ಅಕ್ಷರ ನಿನ್ನದೇ. ಹಾಗಾದರೆ ನನ್ನ ಮಗಳು ಸಂಭಾಜಿನಗರದಲ್ಲಿ ಓದುತ್ತಿದ್ದಾಳೆ, ಅವಳ ಹೆಸರು ಹರ್ಷಿಣಿ. ಇಬ್ಬರಲ್ಲಿ ಒಂದು ಕೂಸು ಹೋದದ್ದು ನಿಜ, ಆ ಸುಡುವ ಮೈ ನನಗೆ ಇವತ್ತಿಗೂ ನೆನಪಿದೆ. ಹೋದದ್ದು ಯಾವುದು ಎಂದು ನನಗೆ ಹೇಳಿದವರು ಬೇರೆಯವರು. ನಾನು ಆಗ ಎಚ್ಚರ ತಪ್ಪಿ ಬಿದ್ದಿದ್ದೆ. ಅವರು ತಪ್ಪಿ ಹೇಳಿದರು, ಪೂಜಿ. ಹೋದದ್ದು ನೀನು.

ನಿನಗೆ ಅದು ಗೊತ್ತೇ ಇಲ್ಲ, ಅಲ್ಲವಾ? ಇಷ್ಟು ವರ್ಷ ಗೊತ್ತಿಲ್ಲದೆ ಅವಳ ಜೊತೆಯಲ್ಲೇ ತಿರುಗಾಡಿಕೊಂಡು, ಅವಳ ಕೈಯಿಂದಲೇ ನನಗೆ ಬರೆದುಕೊಂಡು ಇದ್ದೀಯ. ನಿನ್ನನ್ನು ಯಾರೂ ಕಳಿಸಿಕೊಡಲಿಲ್ಲ. ನನ್ನ ಕರುಳು ಕಿತ್ತುಬರುತ್ತದೆ.

ದೊಡ್ಡಪ್ಪ ಹುಡುಗನನ್ನು ನೋಡಿದ್ದಾರೆ. ನಿಮ್ಮ ಊರಿನಲ್ಲೇ ಹೋಟೆಲು ಇಟ್ಟುಕೊಂಡ ನಮ್ಮ ಜನ. ಹುಡುಗ ನಿತೀಶ್, ಬೈಕಿನಲ್ಲಿ ಹೋಗಿ ತೀರಿಕೊಂಡವನು, ಒಳ್ಳೆಯ ಸ್ವಭಾವದವನಂತೆ. ಆಟಿ ಮುಗಿಯುವ ಮೊದಲು ನಾನೇ ಬಂದು ಧಾರೆ ಎರೆದು ನಿನ್ನನ್ನು ಕಳಿಸಿಕೊಡುತ್ತೇನೆ. ಹಸಿರು ಸೀರೆ ತರುತ್ತೇನೆ, ಪಾಯಸ ಮಾಡಿ ತರುತ್ತೇನೆ. ಅಪ್ಪನಿಗೆ ಹೇಳಿಲ್ಲ, ಗಂಡಸರಿಗೆ ಹೆಣ್ಣುಮಕ್ಕಳನ್ನು ಕಳಿಸುವ ಧೈರ್ಯ ಇರುವುದಿಲ್ಲ.

ಹೆದರಬೇಡ ಮಗಾ. ನಾನಿದ್ದೇನೆ.
ಅಮ್ಮ


ಸಂಭಾಜಿನಗರ
೯ ಆಗಸ್ಟ್

ಅಪ್ಪಾ,

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿಕೊಂಡ ಡಾಕ್ಟರರಿಗೆ ತಿಳಿಸಲಿಕ್ಕೆ ನಡೆದದ್ದನ್ನೆಲ್ಲ ಬರೆದು ಕಳಿಸು ಎಂದಿರಿ. ಕನ್ನಡದಲ್ಲಿ ಬರೆಯುತ್ತೇನೆ, ನೀವು ಅವರಿಗೆ ಮರಾಠಿಯಲ್ಲಿ ಹೇಳಿ. ಮರಾಠಿಯಲ್ಲಿ ಬರೆದರೆ ಸುಮನ ಓದುತ್ತಾಳೆ, ಅವಳು ಇನ್ನಷ್ಟು ಹೆದರುವುದು ಬೇಡ.

ಅಮ್ಮ ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿದಾಗ ಅವಳ ಆ ಕಾಗದ ಇನ್ನೂ ನನ್ನ ಕೈ ಸೇರಿರಲಿಲ್ಲ. ಉಂಡಳು, ಲವಲವಿಕೆಯಿಂದ ಇದ್ದಾಳೆ ಎಂದು ನೀವು ಹೇಳಿದ್ದೇ ನನಗೆ ಗೊತ್ತಿದ್ದದ್ದು. ಒಬ್ಬಳೇ ಎಸ್ಟಿ ಬಸ್ಸಿನಲ್ಲಿ ಬಂದಿದ್ದಾಳೆಂದರೆ ಗುಣವಾಯಿತು ಎಂದುಕೊಂಡೆ. ನಗುತ್ತಾ ಬಂದಳು. ತಲೆ ಬಾಚಿ ಜಡೆ ಹಾಕಿದಳು. ಬ್ಯಾಗಿನಿಂದ ಹಸಿರು ಸೀರೆ ತೆಗೆದಾಗ ಬೇಡ ಎನ್ನಬೇಕೆನಿಸಿತು, ಆದರೂ ಉಡಿಸಿಕೊಂಡೆ. ಅವಳ ಮನಸ್ಸು ನೋಯಿಸಬಾರದು ಎಂದು.

ಕಿಟಕಿ ಪಕ್ಕದ ಕುರ್ಚಿಯ ಮೇಲೆ ಒಂದು ಅಂಗಿ, ಪಂಚೆ ಮಡಿಸಿಟ್ಟಳು. ಯಾರದ್ದು ಎಂದು ಕೇಳಿದೆ. ನಿನ್ನ ಗಂಡನದ್ದು ಎಂದಳು. ಆಗ ನನಗೆ ಅರ್ಥವಾಯಿತು ಅಪ್ಪಾ. ಅಮ್ಮ ಬಾಗಿಲಿಗೂ ನನಗೂ ನಡುವೆ ಕೂತಿದ್ದಳು, ಡಬ್ಬಿ ಬಿಚ್ಚಿ ಪಾಯಸ ಕಲಕುತ್ತಿದ್ದಳು.

"ಮದುವೆಯಾಗದವರು ಇದನ್ನು ನೋಡಬಾರದಲ್ಲ ಅಮ್ಮ, ನನಗೂ ಆಗಿಲ್ಲ" ಎಂದೆ.

"ನೋಡುವವಳು ನೀನಲ್ಲ ಮಗಾ, ನೀನು ಮದುಮಗಳು" ಎಂದಳು. ಚಮಚ ನನ್ನ ತುಟಿಗೆ ಹಿಡಿದಳು. "ಕಹಿ ಉಂಟು, ಒಮ್ಮೆಗೇ ನುಂಗು. ದಾರಿಯಲ್ಲಿ ನಿದ್ದೆ ಬರ್ತದೆ. ನಿನಗೆ ಎಂತದೂ ಆಗುವುದಿಲ್ಲ, ಆಗುವುದೆಲ್ಲ ಆಗಿ ಮುಗಿದಿದೆ."

ಅವಳ ಸ್ವರ ಚಿಕ್ಕಂದಿನಲ್ಲಿ ನನಗೆ ಔಷಧಿ ಕುಡಿಸುವಾಗ ಇದ್ದ ಹಾಗೆಯೇ ಇತ್ತು. ನಾನು ತುಟಿ ಬಿಗಿಹಿಡಿದೆ. ಅವಳು ಎಡಗೈಯಿಂದ ನನ್ನ ಗಲ್ಲ ಒತ್ತಿದಳು. ಅಮ್ಮನ ಕೈಗೆ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಬಾಯೊಳಗೆ ಹೋಯಿತು, ಉಗಿದೆ.

ಆಗಲೇ ಸುಮನ ಕಾಲೇಜಿನಿಂದ ಬಂದು ಬಾಗಿಲು ತಳ್ಳಿದಳು. ಅಮ್ಮ ಚಮಚ ಬಿಟ್ಟು ಎದ್ದು ಓಡಿದಳು. ಅವಳ ಕಣ್ಣಿಗೆ ತನ್ನ ಸೆರಗು ಅಡ್ಡ ಹಿಡಿದು, "ನಕೋ ಬಘೂ ಬಾಳಾ, ನೋಡಬೇಡ, ನಿನಗೆ ಕೆಡುಕಾಗ್ತದೆ, ಹೊರಗೆ ನಡಿ" ಎಂದು ಅವಳನ್ನು ತಬ್ಬಿಕೊಂಡೇ ಕಾರಿಡಾರಿಗೆ ಕರೆದುಕೊಂಡು ಹೋದಳು. ಪರರ ಮಗಳಿಗೆ ಏನೂ ಆಗಬಾರದು ಎಂದು ಅಷ್ಟು ಆತಂಕ. ಆ ಸಂದಿಯಲ್ಲಿ ನಾನು ಡಬ್ಬಿಯನ್ನು ಮೋರಿಗೆ ಸುರಿದೆ. ಅವಳು ನುಂಗದೆ ಕೂಡಿಟ್ಟಿದ್ದ ಮಾತ್ರೆಗಳೆಲ್ಲ ಅದರಲ್ಲಿ ಇದ್ದವು, ಅರ್ಧ ಕರಗಿದ್ದವು.

ಮುಂದಿನದ್ದು ನಿಮಗೆ ಗೊತ್ತು. ಖಾಲಿ ಡಬ್ಬಿ ನೋಡಿ ಅವಳು ನೆಲದ ಮೇಲೆ ಕೂತು ಅತ್ತಳು. ನೀವು ತಂದ ಕಾರು ಹತ್ತುವಾಗ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಮದುಮಗಳನ್ನು ಅರ್ಧಕ್ಕೆ ಬಿಟ್ಟುಬಂದೆ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು ಎಂದಿರಿ.

ಆ ಕಾಗದ ಮರುದಿನ ಬಂತು. ಡಾಕ್ಟರರಿಗೆ ಬೇಕಾಗಬಹುದು, ಇದರ ಜೊತೆಗಿಟ್ಟಿದ್ದೇನೆ. ಅದನ್ನು ನನ್ನ ರೂಮಿನಲ್ಲಿ ಇಟ್ಟುಕೊಳ್ಳಲು ನನಗೆ ಧೈರ್ಯ ಇಲ್ಲ.

ಪೂಜಿತಾ


ನಾಸಿಕ್
೧೬ ನವೆಂಬರ್

ಚಿ. ಪೂಜಿತಾಳಿಗೆ,

ಬರೆಯಬಹುದು ಎಂದು ಡಾಕ್ಟರರು ಹೇಳಿದ ಮೇಲೆಯೂ ಎಷ್ಟೋ ದಿನ ಪೆನ್ನು ಹಿಡಿಯಲಿಲ್ಲ. ಮಾತ್ರೆ ಅಪ್ಪನ ಎದುರಿಗೇ ನುಂಗುತ್ತೇನೆ, ಬಾಯಿ ತೆರೆದು ತೋರಿಸುತ್ತೇನೆ. ಮೆಟ್ಟಿಲ ಮೇಲೆ ಯಾರೂ ಇಲ್ಲ. ಕುಲೆಮದುವೆ ಗಿಲೆಮದುವೆ ಯಾವುದೂ ಬೇಡ ಎಂದು ಅಪ್ಪ ಕಾರ್ಕಳಕ್ಕೆ ಖಡಾಖಂಡಿತ ಹೇಳಿಬಿಟ್ಟರು. ಹೋದವಳು ಹರ್ಷಿಣಿ. ಇರುವವಳು ನೀನು. ಇದನ್ನು ನಾನು ಯಾರನ್ನೂ ಕೇಳದೆ ಬರೆಯುತ್ತಿದ್ದೇನೆ.

ನನಗೆ ಎಲ್ಲ ನೆನಪಿದೆ. ಮರೆತುಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ನಿನ್ನ ಗಲ್ಲ ನನ್ನ ಬೆರಳಿಗೆ ತಾಗಿದ್ದು ನೆನಪಿದೆ. ಅಡುಗೆ ಮಾಡುವಾಗ ಕೈ ನೋಡಿಕೊಂಡರೆ ಈಗಲೂ ಬೆವರುತ್ತೇನೆ. ಮೊದಲು ಅವಳಿಗೆ ಹೆದರುತ್ತಿದ್ದೆ, ಈಗ ನನಗೇ ಹೆದರುತ್ತೇನೆ.

ನೀನು ದೀಪಾವಳಿಗೆ ಬರಲಿಲ್ಲ. ಪರೀಕ್ಷೆ ಎಂದು ಅಪ್ಪ ಹೇಳಿದರು. ನಾನು ಪೆದ್ದಿಯಲ್ಲ ಪೂಜಿ. ಬಾ ಎಂದು ಕರೆಯುವ ಮುಖ ನನಗಿಲ್ಲ, ಬಾರದಿದ್ದರೆ ಬದುಕುವ ಶಕ್ತಿಯೂ ಇಲ್ಲ. ನಿನ್ನಿಷ್ಟದ ಕಡುಬು ಮಾಡಲೋ ಬೇಡವೋ ಎಂದು ಮಾತ್ರ ತಿಳಿಸು.

ಸುಗುಣಾ


ಸಂಭಾಜಿನಗರ
೨೩ ನವೆಂಬರ್

ಅಮ್ಮಾ,

ಪರೀಕ್ಷೆ ಇರಲಿಲ್ಲ. ಹೆದರಿ ಬರಲಿಲ್ಲ. ನಾಸಿಕದ ಬಸ್ಸು ಹತ್ತಿ ಕೂತಿದ್ದೆ, ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟೆ. ಬಾಗಿಲು ತಟ್ಟಿದ ಸದ್ದಾದರೆ ಈಗಲೂ ಸುಮನ ಹೋಗಿ ತೆರೆಯಬೇಕು.

ನಿನ್ನ ಕಾಗದ ಓದಿ ಅತ್ತೆ. ಅದು ನೀನೇ ಬರೆದದ್ದು, ನನ್ನ ಅಮ್ಮ. ಶನಿವಾರ ಬರುತ್ತೇನೆ. ಸುಮನಳೂ ಜೊತೆಗೆ ಬರುತ್ತಾಳೆ. ಅವಳು ನನ್ನ ಕೋಣೆಯಲ್ಲೇ ಮಲಗುತ್ತಾಳೆ, ನಾವು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇವೆ. ನೀನು ಬೇಸರ ಮಾಡಿಕೊಳ್ಳಬಾರದು. ಬೇಸರವಾದರೂ ಹೇಳಬೇಡ, ಹೇಳಿದರೆ ನಾನು ಚಿಲಕ ತೆಗೆದುಬಿಡುತ್ತೇನೆ.

ಕಡುಬು ಮಾಡಬೇಡ ಅಮ್ಮ. ನಿನ್ನ ಕೈಯ ಅಡುಗೆ ಉಣ್ಣಲು ನನಗೆ ಇನ್ನೂ ಆಗುವುದಿಲ್ಲ. ಯಾವಾಗ ಆಗುತ್ತದೆ ಎಂದೂ ಗೊತ್ತಿಲ್ಲ. ಕೆಳಗೆ ಹೋಟೆಲಿಗೆ ಹೋಗೋಣ. ಗಿರಾಕಿಗಳ ಮಧ್ಯೆ ಒಂದು ಟೇಬಲಿನಲ್ಲಿ ನಾವಿಬ್ಬರೂ ಕೂರೋಣ, ಅಪ್ಪ ಬಡಿಸಲಿ. ನಿನ್ನ ಪಕ್ಕದಲ್ಲೇ ಕೂತು ಉಣ್ಣುತ್ತೇನೆ.

ಪೂಜಿತಾ